ನಂದಿ ತಪ್ಪಲಿನ ದ್ರಾಕ್ಷಿ, ಅಸೂಟಿಯ ಎರಿಹೊಲ

ಈ ಲೇಖನ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ನಮ್ಮ ಪೈಕಿ ಒಬ್ಬನ ಊರು ರೋಣ ತಾಲೂಕಿನ ಅಸೂಟಿ. ಅವನ ಅಪ್ಪ ವಿಜಯಪುರದ ಕಡೆ ಯಾವುದೋ ಮದುವೆಗೆ ಹೋಗಿ, ಅಲ್ಲಿ ಒಣದ್ರಾಕ್ಷಿ ಶೆಡ್‌ಗಳನ್ನ ನೋಡಿ ಬಂದು ರಾತ್ರಿ ಫೋನ್ ಮಾಡಿದ್ರು: "ನಮ್ಮ ಹೊಲದಾಗ ದ್ರಾಕ್ಷಿ ಹಚ್ಚಿದ್ರ ಹೆಂಗ? ವೈನ್ ಕಂಪನಿಯವ್ರು ತಗೋತಾರಂತಲ್ಲ, ನೀವು ಇಂಜಿನಿಯರ್ ಆಗಾವ್ರು, ಸ್ವಲ್ಪ ನೋಡಿ ಹೇಳ್ರಿ." ಹಾಸ್ಟೆಲ್ ರೂಮಿನಲ್ಲಿ ಸ್ಪೀಕರ್ ಆನ್ ಇತ್ತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ದ್ರಾಕ್ಷಿ ಬಗ್ಗೆ ನಮಗೆ ಗೊತ್ತಿದ್ದದ್ದು ಕಿಲೋಗೆ ಎಷ್ಟು ಅನ್ನೋದು ಮಾತ್ರ.

ಆಮೇಲೆ ಓದ್ತಾ ಹೋದ್ವಿ. ಕರ್ನಾಟಕದಲ್ಲಿ ಒಂದು ಕುಟುಂಬ ಕಟ್ಟಿದ ಹಳೇ ವೈನರಿ ಯಾವುದು ಅಂತ ಹುಡುಕಿದರೆ ಸಿಗೋ ಹೆಸರು ದೊಡ್ಡಬಳ್ಳಾಪುರದ ಗ್ರೋವರ್. ಅದರ ಕಥೆ ಓದಿದ ಮೇಲೆ ಅಸೂಟಿಯ ಪ್ರಶ್ನೆಯನ್ನ ಹೇಗೆ ಕೇಳಬೇಕು ಅನ್ನೋದಾದರೂ ಅರ್ಥವಾಯಿತು. ವೈನ್ ಒಳ್ಳೇದೋ ಕೆಟ್ಟದ್ದೋ ಅನ್ನೋ ಚರ್ಚೆ ಇಲ್ಲಿಲ್ಲ, ಅದನ್ನ ಡಿಬೇಟ್ ಕ್ಲಬ್‌ಗೆ ಬಿಟ್ಟಿದ್ದೇವೆ.

"ಹಳೇ" ಅನ್ನೋ ಪದದ ಬಗ್ಗೆ ಮೊದಲೇ ಒಂದು ಮಾತು. ಇಟಲಿಯ ಫ್ಲಾರೆನ್ಸ್‌ನಲ್ಲಿ ಆಂಟಿನೋರಿ ಅನ್ನೋ ಮನೆತನ 1385ರಿಂದ ವೈನ್ ವ್ಯಾಪಾರದಲ್ಲಿದೆ. ನಮ್ಮಲ್ಲಿ ವಿಜಯನಗರ ಇನ್ನೂ ಎಳೇ ಸಾಮ್ರಾಜ್ಯವಾಗಿದ್ದ ಕಾಲ ಅದು. ಗ್ರೋವರ್ ತೋಟ ಶುರುವಾದದ್ದು 1988ರಲ್ಲಿ. ಲೆಕ್ಕಕ್ಕೆ ನಮ್ಮ ಕೆಲವು ಪ್ರೊಫೆಸರ್‌ಗಳಿಗಿಂತ ಚಿಕ್ಕದು. ಆದರೂ ಭಾರತದಲ್ಲಿ ಫ್ರೆಂಚ್ ತಳಿಗಳನ್ನ ನೆಟ್ಟು ಆ ದ್ರಾಕ್ಷಿಯಿಂದ ವೈನ್ ಮಾಡಿ ಉಳಿದುಕೊಂಡವರ ಪೈಕಿ ಇವರೇ ಹಳಬರು. ದ್ರಾಕ್ಷಿ ಮಾತ್ರ ಈ ನೆಲಕ್ಕೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ ಮಾರಾಟಕ್ಕಿದ್ದದ್ದನ್ನ ಬರೆದಿದ್ದಾನೆ. ಆಯುರ್ವೇದದ ದ್ರಾಕ್ಷಾಸವ ಹುಳಿಯಿಸಿದ ದ್ರಾಕ್ಷಿರಸವೇ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ನೂರಕ್ಕೂ ಹೆಚ್ಚು ವರ್ಷದಿಂದ ಬೆಳೀತಿರೋ "ಬೆಂಗಳೂರು ನೀಲಿ" ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆದರೆ ಅದು ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇರೋ ಮಿಶ್ರತಳಿ. ಜ್ಯೂಸು, ಜಾಮು, ಸಿಹಿಯಾದ ಪೋರ್ಟ್ ವೈನಿಗೆ ಒಗ್ಗುತ್ತೆ. ಯುರೋಪಿನವರು ಒಪ್ಪೋ ಒಣ ವೈನಿಗೆ ಬೇರೆ ತಳಿ ಬೇಕು. ಕಥೆ ಇಲ್ಲಿಂದಲೇ ಶುರು.

ಕನ್ವಲ್ ಗ್ರೋವರ್ ರೈತರಲ್ಲ. ಹೊರದೇಶಗಳಿಂದ ಯಂತ್ರ, ತಾಂತ್ರಿಕ ಸಲಕರಣೆ ತರಿಸುವ ವ್ಯಾಪಾರ ಅವರದ್ದು. ಆ ಕೆಲಸಕ್ಕೆ ಮತ್ತೆ ಮತ್ತೆ ಫ್ರಾನ್ಸ್‌ಗೆ ಹೋಗ್ತಾ ಅಲ್ಲಿನ ವೈನ್ ರುಚಿ ಹಿಡಿಸಿತು. ಇದನ್ನ ನಮ್ಮಲ್ಲಿ ಯಾಕೆ ಬೆಳೀಬಾರದು ಅನ್ನೋ ಹುಚ್ಚೂ ಹಿಡಿಯಿತು. 1970ರ ದಶಕದ ಕೊನೆಗೆ ಅವರಿಗೆ ಜೊತೆಯಾದವರು ಜಾರ್ಜ್ ವೆಸೆಲ್. ಮುಮ್ ಅನ್ನೋ ದೊಡ್ಡ ಷಾಂಪೇನ್ ಮನೆಯ ತಾಂತ್ರಿಕ ಮುಖ್ಯಸ್ಥರು. ಇಬ್ಬರೂ ಸೇರಿ ದೇಶದ ಬೇರೆ ಬೇರೆ ಕಡೆ ಮಣ್ಣು, ಹವೆ ನೋಡಿದರು. ಮೂವತ್ತಕ್ಕೂ ಹೆಚ್ಚು ಫ್ರೆಂಚ್ ತಳಿಗಳನ್ನ ನೆಟ್ಟು ಪರೀಕ್ಷೆ ಮಾಡಿದರು. ಹೆಚ್ಚಿನವು ಬಿದ್ದುಹೋದವು, ಕೆಲವು ಮಾತ್ರ ಉಳಿದವು. ಕೊನೆಗೆ ಜಾಗ ಅಂತ ಒಪ್ಪಿದ್ದು ನಂದಿ ಬೆಟ್ಟದ ತಪ್ಪಲನ್ನ. 1988ರಲ್ಲಿ ಅಲ್ಲಿ ಸುಮಾರು 40 ಎಕರೆ ತೋಟ. ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ.

ಲೆಕ್ಕ ಹಾಕಿ: ಮೊದಲ ಪರೀಕ್ಷೆಯಿಂದ ಮೊದಲ ಬಾಟಲಿಗೆ ಹತ್ತಿರ ಹತ್ತಿರ ಹದಿಮೂರು ವರ್ಷ. ನಮ್ಮ ಬಿ.ಇ. ಡಿಗ್ರಿಯನ್ನ ಮೂರು ಸಲ ಮಾಡಿ ಮೇಲೊಂದು ವರ್ಷ ಬ್ಯಾಕ್ ಉಳಿಸಿಕೊಂಡಷ್ಟು ಕಾಲ.

ಇಷ್ಟು ಕಾಲ ಯಾಕೆ ಬೇಕಾಯ್ತು? ಇಲ್ಲಿ ಸ್ವಲ್ಪ ಪಾಠ.

ಜಗತ್ತಿನ ಹೆಸರಾಂತ ವೈನ್ ಸೀಮೆಗಳೆಲ್ಲ ಸುಮಾರು 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಇವೆ. ದೊಡ್ಡಬಳ್ಳಾಪುರ ಇರೋದು 13 ಡಿಗ್ರಿ ಚಿಲ್ಲರೆಯಲ್ಲಿ. ಅಲ್ಲಿನ ಬಳ್ಳಿಗೆ ಚಳಿಗಾಲ ಇದೆ, ಎಲೆ ಉದುರಿಸಿ ನಾಲ್ಕು ತಿಂಗಳು ಮಲಗುತ್ತೆ. ನಮ್ಮ ಕಡೆ ಬಳ್ಳಿಗೆ ನಿದ್ದೆ ಅಂದರೆ ಗೊತ್ತೇ ಇಲ್ಲ. ಬಿಟ್ಟರೆ ವರ್ಷಪೂರ್ತಿ ಚಿಗುರುತ್ತೆ, ಮಳೆಗಾಲದಲ್ಲೇ ಹಣ್ಣು ಬಿಟ್ಟು ಬೂಜು ಹಿಡಿದು ಹಾಳಾಗುತ್ತೆ. ಅದಕ್ಕೇ ದಕ್ಷಿಣದ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟನಿ ಮಾಡ್ತಾರೆ. ಏಪ್ರಿಲ್ ಸುಮಾರಿಗೆ ಒಂದು ಸಲ ಪೂರ್ತಿ ಕತ್ತರಿಸೋದು. ಆಗ ಬರೋ ಹೊಸ ಕಡ್ಡಿಯ ಕಣ್ಣುಗಳಲ್ಲಿ ಮುಂದಿನ ಗೊಂಚಲು ಒಳಗೊಳಗೇ ರೂಪುಗೊಳ್ಳುತ್ತೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಳೆ ಇಳಿಯುವಾಗ ಇನ್ನೊಂದು ಸಲ ಕತ್ತರಿಸಿದರೆ ಆ ಕಣ್ಣು ಒಡೆದು ಹೂವಾಗುತ್ತೆ. ಹಣ್ಣು ಮಾಗೋದು ಒಣಹವೆಯಲ್ಲಿ, ಕೊಯ್ಲು ಫೆಬ್ರುವರಿ-ಮಾರ್ಚ್ ಆಸುಪಾಸು. ಕಣ್ಣುಗಳೆಲ್ಲ ಒಟ್ಟಿಗೇ ಏಳಲಿ ಅಂತ ಹೈಡ್ರೋಜನ್ ಸಯನಮೈಡ್ ಸವರೋದೂ ಉಂಟು. ಒಟ್ಟಿನಲ್ಲಿ ಚಳಿಗಾಲ ಮಾಡಬೇಕಾದ ಕೆಲಸವನ್ನ ಇಲ್ಲಿ ಕತ್ತರಿ ಮಾಡುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಕೂಡಲೇ ಹಿಡಿಸುತ್ತೆ: ಹೊರಗಿನ ಸಿಗ್ನಲ್ ಇಲ್ಲದಿದ್ದರೆ ನಾವೇ ಟ್ರಿಗರ್ ಕೊಡಬೇಕು.

ಎರಡನೇ ವಿಷಯ ರಾತ್ರಿಯ ತಂಪು. ಹಣ್ಣು ಮಾಗುವಾಗ ಸಕ್ಕರೆ ಏರುತ್ತೆ, ಆಮ್ಲ ಇಳಿಯುತ್ತೆ. ರಾತ್ರಿ ಸೆಕೆ ಇದ್ದರೆ ಹಣ್ಣು ಉಸಿರಾಡುತ್ತಾ ತನ್ನಲ್ಲಿರೋ ಮ್ಯಾಲಿಕ್ ಆಮ್ಲವನ್ನ ಬೇಗ ಸುಟ್ಟುಕೊಳ್ಳುತ್ತೆ. ಆಗ ವೈನ್ ಸಪ್ಪೆ, ಬಾಳಿಕೆಯೂ ಕಡಿಮೆ. ನಂದಿಯ ತಪ್ಪಲು ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತೆ ಅನ್ನೋದು ಪಿಯುಸಿಯಿಂದ ಗೊತ್ತಿರೋದೇ. ಅಕ್ಷಾಂಶದಲ್ಲಿ ಕಳಕೊಂಡದ್ದನ್ನ ಎತ್ತರದಲ್ಲಿ ಸ್ವಲ್ಪವಾದರೂ ವಾಪಸ್ ಪಡೆದರು ಅನ್ನಬಹುದು.

ಇದೇ ಲೆಕ್ಕವನ್ನ ನಾವು ಅಸೂಟಿಗೆ ಹಾಕಿದ್ವಿ. ರೋಣದ ಕಡೆ ಎತ್ತರ 600 ಮೀಟರ್ ಒಳಗೆ. ಅಂದರೆ ಎತ್ತರದ ಲೆಕ್ಕವೊಂದರಲ್ಲೇ ಸುಮಾರು ಎರಡು ಡಿಗ್ರಿ ಹೆಚ್ಚು. ಮಾರ್ಚ್ ತಿಂಗಳಲ್ಲಿ ನಮ್ಮ ಗೆಳೆಯನ ಮನೆಯಲ್ಲಿ ಮಾಳಿಗೆ ಮೇಲೆ ಮಲಗಿದವರಿಗೆ ಇದಕ್ಕೆ ಗ್ರಾಫ್ ಬೇಕಾಗಿಲ್ಲ. ಆದರೆ ಇದೊಂದನ್ನೇ ಹಿಡಿದು "ಆಗಲ್ಲ" ಅನ್ನೋಕೂ ಆಗಲ್ಲ. ಕೊಪ್ಪಳ ಜಿಲ್ಲೆಯಲ್ಲಿ, ಹಂಪಿ ಸೀಮೆಯ ಬಂಡೆಬೆಟ್ಟಗಳ ನಡುವೆ, ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕೃಸ್ಮಾ ಅನ್ನೋ ಕುಟುಂಬದ ವೈನರಿ ಇದೆ. ಗದಗಿನ ಪಕ್ಕದ ಜಿಲ್ಲೆಯೇ ಅದು. ಅಲ್ಲಿ ಕ್ಯಾಬರ್ನೆ ಸೊವಿನ್ಯೋಂ ಬೆಳೀತಾರೆ, ಒಳ್ಳೇ ಹೆಸರೂ ಇದೆ. ಬಿಸಿಲು ಅಲ್ಲೂ ಕಮ್ಮಿ ಇಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ?

ಮಣ್ಣಿನಲ್ಲಿ. ಇದನ್ನ ನಾವು ತಡವಾಗಿ ಹಿಡಿದದ್ದು, ಸಿವಿಲ್‌ನ ಗೆಳತಿ ಒಬ್ಬಳು ಬಂದು ಬೈದ ಮೇಲೆ. ನಂದಿ ತಪ್ಪಲಿನದ್ದು ಕೆಂಪುಮಣ್ಣು, ನೀರು ಇಳಿದುಹೋಗುತ್ತೆ. ದ್ರಾಕ್ಷಿ ಬೇರಿಗೆ ಬೇಕಾದ್ದು ಅದೇ. ಸ್ವಲ್ಪ ಬಾಯಾರಿಕೆ, ಸ್ವಲ್ಪ ಗಾಳಿ. ರೋಣ-ನರಗುಂದದ ಎರಿಮಣ್ಣು ಬೇರೆ ಜಾತಿ. ಅದರಲ್ಲಿರೋ ಜೇಡಿ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರಿಯುತ್ತೆ. ಬ್ಯಾಸಗಿಯಲ್ಲಿ ಕೈ ತೂರಿಸೋಷ್ಟು ಬಿರುಕು, ಮಳೆ ಬಂದರೆ ಕಾಲು ಕಿತ್ತಿಡೋಕೆ ಆಗದ ರಾಡಿ. ನೀರು ಹಿಡಿದಿಡೋ ಈ ಗುಣದಿಂದಲೇ ಅಲ್ಲಿ ಹಿಂಗಾರಿ ಜೋಳ, ಕಡಲೆ ಬರೀ ತೇವದ ಮೇಲೆ, ಇಬ್ಬನಿ ನಂಬಿಕೊಂಡು ಬೆಳೆಯುತ್ತೆ. ಅದು ಆ ಮಣ್ಣಿನ ದೊಡ್ಡ ಗುಣ. ದ್ರಾಕ್ಷಿಗೆ ಅದೇ ಗುಣ ದೋಷ: ಬೇರು ನೀರಲ್ಲಿ ನಿಲ್ಲುತ್ತೆ, ಸುಣ್ಣ ಹೆಚ್ಚಿದ್ದರೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತೆ, ಹನಿ ನೀರಾವರಿಯ ಬೋರ್‌ವೆಲ್ ನೀರು ಸವುಳಾಗಿದ್ದರೆ ಉಪ್ಪು ಕೂಡುತ್ತೆ. ಇದಕ್ಕೆ ಮದ್ದು ಇಲ್ಲ ಅಂತಲ್ಲ. ಡಾಗ್‌ರಿಡ್ಜ್ ಅನ್ನೋ ಅಮೆರಿಕದ ಬೇರುಗಿಡದ ಮೇಲೆ ಕಸಿ ಕಟ್ಟಿದರೆ ಬರ, ಉಪ್ಪು ಎರಡನ್ನೂ ಸ್ವಲ್ಪ ತಡೆಯುತ್ತೆ. ಕಪ್ಪುಮಣ್ಣಿರೋ ವಿಜಯಪುರ ಜಿಲ್ಲೆಯಲ್ಲಿ ಅಷ್ಟೊಂದು ದ್ರಾಕ್ಷಿ ಇದೆಯಲ್ಲ. ಆದರೆ ಅದು ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್ ಜಾತಿಯದು, ತಿನ್ನೋಕೆ ಮತ್ತು ಒಣಗಿಸೋಕೆ.

(ಬೇರುಗಿಡದ ವಿಷಯ ಬಂತು ಅಂತ ಒಂದು ಅಡ್ಡಮಾತು. ಹತ್ತೊಂಬತ್ತನೇ ಶತಮಾನದಲ್ಲಿ ಫಿಲೋಕ್ಸೆರಾ ಅನ್ನೋ ಬೇರುಹೇನು ಅಮೆರಿಕದಿಂದ ಬಂದು ಯುರೋಪಿನ ತೋಟಗಳನ್ನೆಲ್ಲ ಕೊಂದಿತು. ಮದ್ದು ಸಿಕ್ಕಿದ್ದೂ ಅಮೆರಿಕದಲ್ಲೇ, ಅಲ್ಲಿನ ಬಳ್ಳಿಯ ಬೇರಿನ ಮೇಲೆ ಯುರೋಪಿನ ಕಡ್ಡಿ ಕಸಿ ಕಟ್ಟೋದು. ಹಾಗಾಗಿ ನೂರಾರು ವರ್ಷದ ಪರಂಪರೆ ಅಂತ ಹೇಳ್ಕೊಳ್ಳೋ ಎಷ್ಟೋ ಫ್ರೆಂಚ್ ತೋಟಗಳು ನಿಂತಿರೋದು ಪರದೇಶದ ಬೇರಿನ ಮೇಲೆ.)

ತೋಟ ಮುಗೀತು, ಈಗ ಟ್ಯಾಂಕ್. ಮೆಕ್ಯಾನಿಕಲ್, ಕೆಮಿಕಲ್‌ನವರು ಇಲ್ಲಿಂದ ಸರಿಯಾಗಿ ಓದಿ, ಮಿಕ್ಕವರು ನಿದ್ದೆ ಮಾಡಬಹುದು.

ಒಂದು ಅಣು ಗ್ಲೂಕೋಸ್ ಒಡೆದರೆ ಎರಡು ಅಣು ಎಥನಾಲ್, ಎರಡು ಅಣು ಇಂಗಾಲದ ಡೈಆಕ್ಸೈಡ್. ಜೊತೆಗೆ ಶಾಖ, ಪ್ರತಿ ಮೋಲ್‌ಗೆ ಸುಮಾರು 100 ಕಿಲೋಜೌಲ್ ಅಂತ ಇಟ್ಕೊಳ್ಳಿ. ಚೆನ್ನಾಗಿ ಮಾಗಿದ ವೈನ್ ದ್ರಾಕ್ಷಿಯ ಒಂದು ಲೀಟರ್ ರಸದಲ್ಲಿ 230 ಗ್ರಾಂ ಆಸುಪಾಸು ಸಕ್ಕರೆ ಇರುತ್ತೆ. 180ರಿಂದ ಭಾಗಿಸಿದರೆ 1.28 ಮೋಲ್, ಅಂದರೆ 128 ಕಿಲೋಜೌಲ್. ಒಂದು ಲೀಟರ್ ರಸವನ್ನ ಒಂದು ಡಿಗ್ರಿ ಏರಿಸೋಕೆ ಸುಮಾರು 4 ಕಿಲೋಜೌಲ್ ಬೇಕು. ಶಾಖ ಹೊರಗೆ ಹೋಗದೇ ಇದ್ದರೆ ರಸ ತನ್ನಷ್ಟಕ್ಕೆ ತಾನೇ 30 ಡಿಗ್ರಿಯ ಸುತ್ತ ಬಿಸಿಯಾಗುತ್ತೆ! 25 ಡಿಗ್ರಿಯಲ್ಲಿ ಶುರುವಾದದ್ದು 55ಕ್ಕೆ ಹೋಗಬೇಕು, ಆದರೆ ಹೋಗಲ್ಲ. 40ರ ಹತ್ತಿರ ಬಂದರೆ ಯೀಸ್ಟ್ ಸತ್ತು ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಉಳಿದ ಸಕ್ಕರೆಗೆ ಬ್ಯಾಕ್ಟೀರಿಯಾ ಬಂದು ಕೂರುತ್ತೆ, ಮುಂದೆ ವಿನೆಗರ್ ದಾರಿ.

ಸಣ್ಣ ಪಾತ್ರೆಯಲ್ಲಿ ಈ ತೊಂದರೆ ಕಾಣಲ್ಲ, ಮೇಲ್ಮೈ ಜಾಸ್ತಿ ಇರೋದರಿಂದ ಶಾಖ ಹೋಗ್ತಾ ಇರುತ್ತೆ. ಸಾವಿರಾರು ಲೀಟರಿನ ಟ್ಯಾಂಕ್ ಆದಾಗ ಗಾತ್ರ ಘನದಲ್ಲಿ ಬೆಳೆದು ಮೇಲ್ಮೈ ವರ್ಗದಲ್ಲಷ್ಟೇ ಬೆಳೆಯುತ್ತೆ. ಯುರೋಪಿನ ಹಳೇ ಮನೆತನಗಳಿಗೆ ನೆಲಮಾಳಿಗೆಯೂ ಅಕ್ಟೋಬರಿನ ಚಳಿಯೂ ಬಹಳಷ್ಟು ಕಾಲ ಕೂಲಿಂಗ್ ಕೊಟ್ಟವು. ನಮ್ಮಲ್ಲಿ ಕೊಯ್ಲು ಬರೋದೇ ಬ್ಯಾಸಗಿ ಬಾಗಿಲಲ್ಲಿ. ಹಾಗಾಗಿ ಇಲ್ಲಿ ಜಾಕೆಟ್ ಇರೋ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್, ಅದರ ಸುತ್ತ ಹರಿಯೋ ತಣ್ಣನೆ ಗ್ಲೈಕಾಲ್, ಚಿಲ್ಲರ್, ಜನರೇಟರ್ ಎಲ್ಲ ಮೊದಲ ದಿನದಿಂದಲೇ ಬೇಕು. ಕೆಂಪು ವೈನಿಗೆ 25ರಿಂದ 30 ಡಿಗ್ರಿ, ಬಿಳಿಗೆ ಇನ್ನೂ ತಂಪು, 12ರಿಂದ 18. ಕರೆಂಟು ಹೋದ ಒಂದು ರಾತ್ರಿ ಒಂದು ವರ್ಷದ ಬೆಳೆಯನ್ನ ಕೆಡಿಸಬಲ್ಲದು. ಯಂತ್ರಗಳ ವ್ಯಾಪಾರಿಯೊಬ್ಬರು ಈ ಕೆಲಸಕ್ಕೆ ಕೈ ಹಾಕಿದ್ದು ಬರೀ ಕಾಕತಾಳೀಯ ಅಂತ ನಮಗೆ ಅನಿಸಲ್ಲ.

ಇನ್ನು ಗ್ಯಾಸ್ ಲೆಕ್ಕ: ಅದೇ ಒಂದು ಲೀಟರ್ ರಸದಿಂದ 60 ಲೀಟರ್‌ನಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತೆ, ವಾಸನೆ ಇಲ್ಲ. ಟ್ಯಾಂಕ್ ತೊಳೆಯೋಕೆ ಇಳಿದವರು ಸತ್ತ ಘಟನೆಗಳು ಜಗತ್ತಿನ ವೈನ್ ಸೀಮೆಗಳಲ್ಲೆಲ್ಲ ಇವೆ. ವೈನರಿ ಫೋಟೋಗಳಲ್ಲಿ ಓಕ್ ಪೀಪಾಯಿ ಕಾಣುತ್ತೆ, ಎಗ್ಸಾಸ್ಟ್ ಫ್ಯಾನ್ ಕಾಣಲ್ಲ.

ಗ್ರೋವರ್ ಕಥೆಯ ಮುಂದಿನ ಭಾಗ ಬೇಗ ಹೇಳ್ತೀವಿ, ಅದು ಎಲ್ಲ ಕಡೆ ಸಿಗುತ್ತೆ. 1990ರ ದಶಕದಲ್ಲಿ ಬೋರ್ಡೋದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿಟ್ಟ "ಲಾ ರಿಸರ್ವ್" ಅವರ ಗುರುತಾಯಿತು. 2005ರಲ್ಲಿ ಡಿಕ್ಯಾಂಟರ್ ಪತ್ರಿಕೆಯಲ್ಲಿ ಸ್ಟೀವನ್ ಸ್ಪರಿಯರ್ ಅದನ್ನ ಹೊಗಳಿ ಬರೆದ ಮೇಲೆ ಹೊರಗಿನವರೂ ದೊಡ್ಡಬಳ್ಳಾಪುರ ಎಲ್ಲಿದೆ ಅಂತ ಕೇಳಿದರು. ಮಗ ಕಪಿಲ್, ಆಮೇಲೆ ಮೊಮ್ಮಗ ಕರಣ್ ಕೆಲಸಕ್ಕೆ ಬಂದರು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ಮಂಡಳಿ ಮಾಡಿತು. 2012ರಲ್ಲಿ ನಾಸಿಕ್ ಕಡೆಯ ವ್ಯಾಲೆ ದ ವ್ಯಾಂ ಕಂಪನಿ ಜೊತೆ ವಿಲೀನವಾಗಿ ಗ್ರೋವರ್ ಜಂಪಾ ಅನ್ನೋ ಹೆಸರು ಬಂತು. ಹೊರಗಿನ ಹೂಡಿಕೆ ಬಂದಿತು. ಮನೆತನದ ಹೆಸರು ಬಾಟಲಿ ಮೇಲೆ ಉಳಿಯಿತು, ಯಜಮಾನಿಕೆ ಮಾತ್ರ ಹಂಚಿಹೋಯಿತು. ಇದರಲ್ಲಿ ಬೇಜಾರು ಪಡೋದೇನಿಲ್ಲ, ಬಂಡವಾಳ ಕೇಳೋ ಉದ್ಯಮದಲ್ಲಿ ಹೀಗೇ ಆಗೋದು. ಆದರೆ "ಕುಟುಂಬದ ಪರಂಪರೆ" ಅನ್ನೋ ಮಾತನ್ನ ಲೇಬಲ್ ಮೇಲೆ ಓದುವಾಗ ಇದೂ ನೆನಪಿರಲಿ.

ನಮ್ಮನ್ನ ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಕನ್ವಲ್ ಗ್ರೋವರ್ ತಳಿ ಪರೀಕ್ಷೆ ಮಾಡ್ತಿದ್ದ ಅದೇ ವರ್ಷಗಳಲ್ಲಿ ಅಸೂಟಿಯ ಸೀಮೆಯಲ್ಲಿ ಏನಾಗ್ತಿತ್ತು? ಮಲಪ್ರಭಾ ಕಾಲುವೆ ಬಂದಿತ್ತು. ನೀರು ಸರಿಯಾಗಿ ಮುಟ್ಟೋ ಮುಂಚೆಯೇ ಸರ್ಕಾರ ಅಭಿವೃದ್ಧಿ ಕರ ಕೇಳಿತು. ನೀರು ಬಂದ ಕಡೆ ಎರಿಮಣ್ಣು ಜೌಗಾಗಿ, ಸವುಳಾಗಿ ಕೆಟ್ಟಿತು. ನೀರಾವರಿ ನಂಬಿ ಹಾಕಿದ ಹತ್ತಿಯ ಬೆಲೆ ಬಿತ್ತು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಬೀದಿಗೆ ಬಂದರು, ಗೋಲಿಬಾರ್ ಆಯಿತು, ಜನ ಸತ್ತರು. ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿದ್ದು ಆ ಕಾವಿನಲ್ಲೇ. ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದಲ್ಲಿ ಹುತಾತ್ಮ ದಿನ ಮಾಡ್ತಾರೆ. ನಮ್ಮ ಗೆಳೆಯನ ಅಜ್ಜನಿಗೆ ಆ ವರ್ಷ ಬೇರೆ ಯಾವುದರಿಂದಲೂ ನೆನಪಿಲ್ಲ, ಅದರಿಂದ ಮಾತ್ರ.

ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದ್ವಿ. ಒಂದು ಕಡೆ, ಹದಿಮೂರು ವರ್ಷ ಆದಾಯ ಇಲ್ಲದೆ ಪರೀಕ್ಷೆ ಮಾಡೋಕೆ ಇನ್ನೊಂದು ವ್ಯಾಪಾರ ಕೈಯಲ್ಲಿತ್ತು. ಇನ್ನೊಂದು ಕಡೆ, ಹೊಸ ಬೆಳೆ ಒಂದು ಹಂಗಾಮು ಕೈಕೊಟ್ಟರೆ ಸಾಲ. ಜಾಣತನದಲ್ಲೋ ದುಡಿಮೆಯಲ್ಲೋ ಈ ಕಡೆಯವರು ಕಮ್ಮಿ ಇದ್ದರು ಅಂತಲ್ಲ, ತಪ್ಪು ಮಾಡಿ ಕಲಿಯೋಕೆ ಬೇಕಾದ ವರ್ಷಗಳು ಅವರ ಹತ್ತಿರ ಇರಲಿಲ್ಲ. ನಂದಿಯಲ್ಲಿ ಮೂವತ್ತು ತಳಿ ನೆಟ್ಟು ಇಪ್ಪತ್ತು ಬಿದ್ದರೆ ಅದಕ್ಕೆ ಸಂಶೋಧನೆ ಅಂತಾರೆ, ಅಸೂಟಿಯಲ್ಲಿ ಒಂದು ಬಿದ್ದರೆ ದಿವಾಳಿ ಅಂತಾರೆ.

ಹಾಗಾಗಿ ಗೆಳೆಯನ ಅಪ್ಪನಿಗೆ ನಾವು ಬರೆದು ಕಳಿಸಿದ್ದು ಇಷ್ಟು. ವೈನ್ ದ್ರಾಕ್ಷಿ ಎಲ್ಲ ಹೊಲಕ್ಕೆ ಬೇಡ. ಕಲ್ಲುಕಂಬ, ತಂತಿ, ಹನಿ ನೀರಾವರಿ ಮೊದಲೇ ಹಾಕಬೇಕು, ಒಳ್ಳೇ ಬೆಳೆ ಬರೋದು ಎರಡು-ಮೂರು ವರ್ಷದ ಮೇಲೆ. ರುಚಿಗೋಸ್ಕರ ಇಳುವರಿಯನ್ನ ಬೇಕಂತಲೇ ಕಡಿಮೆ ಇಡ್ತಾರೆ, ತಿನ್ನೋ ದ್ರಾಕ್ಷಿಯಷ್ಟು ತೂಕ ಬರಲ್ಲ. ಒಂದು ಬಾಟಲಿಗೆ ಬೇಕಾಗೋದು ಹೆಚ್ಚೂಕಮ್ಮಿ ಒಂದೂಕಾಲು ಕಿಲೋ ಹಣ್ಣು, ಬಾಟಲಿ ಬೆಲೆ ನೋಡಿ ಹಣ್ಣಿನ ಬೆಲೆ ಊಹಿಸಬೇಡಿ. ಕೊಳ್ಳೋ ಕಂಪನಿಯ ಕರಾರು ಕಾಗದದಲ್ಲಿ ಇಲ್ಲದಿದ್ದರೆ ಆ ಹಣ್ಣನ್ನ ಸಂತೆಯಲ್ಲಿ ಮಾರೋಕೂ ಆಗಲ್ಲ, ಬೀಜ ದೊಡ್ಡದು, ಸಿಪ್ಪೆ ದಪ್ಪ, ಯಾರೂ ತಿನ್ನಲ್ಲ. ಒಣದ್ರಾಕ್ಷಿಯ ದಾರಿ ಇದಕ್ಕಿಂತ ಹತ್ತಿರ: ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್‌ನಲ್ಲಿ ಎರಡು-ಮೂರು ವಾರ ಗಾಳಿಗೆ ಒಣಗಿಸಿದರೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸೋ ಗಾಳಿ ಇರೋ ಸೀಮೆಗೆ ಒಣಗಿಸೋದು ಕಷ್ಟ ಆಗಬಾರದು. ಆದರೆ ಎಲ್ಲಕ್ಕಿಂತ ಮೊದಲು ಮಣ್ಣು, ನೀರು ಎರಡೂ ಪರೀಕ್ಷೆ ಆಗಬೇಕು.

ರಜೆಯಲ್ಲಿ ನಾಲ್ಕು ಜನ ಹೋದ್ವಿ. ಹೊಲದ ಮೂಲೆಯಲ್ಲಿ ಒಂದು ಮೀಟರ್ ಆಳದ ಗುಂಡಿ ತೆಗೆದು ಕೊಡ ಕೊಡ ನೀರು ಸುರಿದ್ವಿ. ಮೊದಲ ಹತ್ತು ಕೊಡ ಬಿರುಕಿನಲ್ಲಿ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ, ಖುಷಿಪಟ್ಟೆವು. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತು. ಸಂಜೆ ಆರಕ್ಕೆ ಕೋಲಿಗೆ ಗುರುತು ಹಾಕಿ ನಿಲ್ಲಿಸಿ ಬಂದ್ವಿ. ಬೆಳಗ್ಗೆ ಹೋಗಿ ನೋಡಿದರೆ ನೀರು ಗುರುತಿನಿಂದ ನಾಲ್ಕು ಬೆರಳಷ್ಟು ಕೂಡ ಇಳಿದಿರಲಿಲ್ಲ. ಗೆಳೆಯನ ಅಪ್ಪ ಗುಂಡಿ ಅಂಚಿನಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು.

"ಮ್ಯಾಲಿನ ಹೊಲದಾಗ ಗರಸು ಐತಿ, ಅಲ್ಲಿ ನೀರು ನಿಂದರೂದಿಲ್ಲ," ಅಂದರು. "ಅಲ್ಲಿ ಎರಡು ಸಾಲು ಹಚ್ಚಿ ನೋಡೂಣು. ಇಲ್ಲಿ ಕಡ್ಲಿ ಇರ್ಲಿ."